ಹೂವಿನ ಲೆಕ್ಕ

ಐದು ಸಾವಿರಕ್ಕೆ ಒಂದು ರೂಪಾಯಿ ಕಮ್ಮಿ.
ಆ ಒಂದು ರೂಪಾಯಿ ಬಿಟ್ಟವರು ಬಹಳ ಬುದ್ಧಿವಂತರು.

ಹೊಸೂರಿನ ಹೌಸಿಂಗ್ ಬೋರ್ಡು, ಎರಡನೇ ಮಹಡಿ.
ರಾತ್ರಿ ಪಾಳಿ ಮುಗಿಸಿ ಬಂದು, ಸಾಕ್ಸು ಕೂಡ ಬಿಚ್ಚದೆ,
ಮಂಚದ ತುದಿಗೆ ಕೂತಿದ್ದೇನೆ.
ಪರದೆಯ ಮೇಲೆ ಹಳದಿ ಗುಂಡಿ: ಈಗಲೇ ಕಾಯ್ದಿರಿಸಿ.
ಕಡಲುಗಳ್ಳರ ಆಟದ ಮೂರನೇ ಭಾಗ,
ಬಿಡುಗಡೆ ಮೇ ಹದಿನಾರು.
ಈಗಿನ್ನೂ ಫೆಬ್ರವರಿ; ಶೂಳಗಿರಿ ಕಡೆ ಮಾವು ಹೂ ಬಿಟ್ಟಿದೆ.

ಮುಂಗಡ ಕೊಟ್ಟವರ ಹಡಗಿಗೆ ಮಾತ್ರ
ಒಂದು ಕೆಂಪು ಲಾಂದ್ರ.

ಎರಡನೇ ಭಾಗಕ್ಕೂ ಹೀಗೇ ಕೊಟ್ಟಿದ್ದೆ, ಮೊದಲ ಬೋನಸ್ಸಿನಲ್ಲಿ.
ರಜೆ ಹಾಕಿ, ಬಾಗಿಲು ಹಾಕಿ,
ಒಂದು ಪೊಟ್ಟಣ ಖಾರ ಕಡ್ಲೆ ಇಟ್ಟುಕೊಂಡು ಕೂತರೆ
ಹಡಗು ನೀರಿಗೆ ನಾಲ್ಕಡಿ ಮೇಲೆ ಗಾಳಿಯಲ್ಲಿ ನಿಂತಿತ್ತು.
ಕಪ್ತಾನನಿಗೆ ಹಲ್ಲಿದ್ದವು, ತುಟಿ ಬಂದಿರಲಿಲ್ಲ.
ತುಟಿ ಬರುವುದಕ್ಕೆ ನಲವತ್ತು ಜಿಬಿ ಇಳಿಸಬೇಕಾಯಿತು
ಕೆಳಗಿನ ಮನೆಯ ಅಮುದಕ್ಕನ ವೈಫೈನಲ್ಲಿ, ಮೂರು ರಾತ್ರಿ.
ದೀಪಾವಳಿಗೆ ಅದೇ ಆಟ ಅರ್ಧ ಬೆಲೆಗೆ ಬಂತು,
ತುಟಿ ಸಮೇತ.

ಕೂಸು ಹುಟ್ಟೋಕೆ ಮುಂಚೆ ಕುಲಾವಿ.
ಗಾದೆ ನನಗೂ ಗೊತ್ತು.
ಆದರೆ ರಾತ್ರಿಯಿಡೀ ಯಾರದೋ ಫೋನಿಗೆ
ಯಾರೂ ನೋಡದ ಸ್ಕ್ರೂ ಹಾಕುವ ಕೈ ಇದು;
ನನ್ನದೆಂಬ ಒಂದು ಸಾಮಾನು ದಾರಿಯಲ್ಲಿದೆ ಎಂದು ಗೊತ್ತಿದ್ದರೆ
ಪಾಳಿ ಸ್ವಲ್ಪ ಬೇಗ ಸಾಗುತ್ತದೆ.

ಅಪ್ಪನಿಗೆ ಫೋನು ಮಾಡಿದೆ.
ಅಪ್ಪ ತೋಟ ಹಿಡಿಯುವವನು,
ಹೂವು ನೋಡಿ ಕಾಯಿಗೆ ದುಡ್ಡು ಕೊಡುವವನು.
ಗೊಂಚಲು ಬಗ್ಗಿಸಿ ಮೂಸುತ್ತಾನೆ,
ಎಲೆಯ ಮೇಲಿನ ಜಿಗುಟನ್ನು ಬೆರಳಿಗೆ ಹಚ್ಚಿ ನೋಡುತ್ತಾನೆ,
ಆಕಾಶಕ್ಕೊಮ್ಮೆ ಬೈದು, ಇಷ್ಟು ಟನ್ನು ಅನ್ನುತ್ತಾನೆ.
ಒಂದೊಂದು ವರ್ಷ ಸರಿ. ಒಂದೊಂದು ವರ್ಷ
ಶಿವರಾತ್ರಿ ಮಳೆಗೆ ಹೂವೆಲ್ಲ ಕರಿ ಹುಡಿ.
ಅಮ್ಮನ ಓಲೆ ಎರಡು ಸಲ ಬ್ಯಾಂಕಿಗೆ ಹೋಗಿ ಬಂದಿವೆ,
ದಾರಿ ಅವಕ್ಕೇ ಗೊತ್ತು.

‘ಮರ ನೋಡಿದ್ಯಾ?’ ಅಂದ.
ಎರಡು ನಿಮಿಷದ ವಿಡಿಯೋ ನೋಡಿದೀನಿ.
‘ಅದು ಹೂವಲ್ಲಮ್ಮಿ, ಹೂವಿನ ಫೋಟೋ.
ಆಯ್ತು, ಮೇ ತಿಂಗಳಿಗೆ ಮುಗ್ದೋಗೋ ಮಾಲಾ ಅದು?’
ಇಲ್ಲ. ಎಷ್ಟು ಜನ ತಗೊಂಡ್ರೂ ಮುಗಿಯಲ್ಲ.
‘ರೇಟು ಏರ್ತದಾ?’
ಇಳೀತದೆ.
ಆ ಕಡೆ ಬಹಳ ಹೊತ್ತು ಮಾತಿಲ್ಲ.
ಮುಗಿಯದ ಮಾಲು, ಇಳಿಯುವ ರೇಟು, ಅದಕ್ಕೆ ಮುಂಗಡ:
ನಲವತ್ತು ವರ್ಷದ ವ್ಯಾಪಾರದಲ್ಲಿ
ಇಂಥ ಗಿರಾಕಿಯನ್ನು ಅವನು ಕಂಡಿರಲಿಲ್ಲ;
ಕಂಡಿದ್ದರೆ ಬಿಡುತ್ತಿರಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು.
ನಾನೇ ಸುಮ್ಮನಿರದೆ ಲಾಂದ್ರದ ಸುದ್ದಿ ತೆಗೆದೆ.

‘ಬೆಳಕು ಜಾಸ್ತಿನಾ ಅದಕ್ಕೆ?’
ಇಲ್ಲಪ್ಪ, ಬರೀ ಬಣ್ಣ ಬೇರೆ.
‘ಆಮೇಲೆ ದುಡ್ಡು ಕೊಟ್ರೆ ಸಿಕ್ತದಾ?’
ಸಿಗಲ್ಲ.
‘ಓ,’ ಅಂದ ಅಪ್ಪ. ‘ಹಂಗಾ.’

ಗೊತ್ತಾಯಿತು ನನಗೆ, ಅವನ ಮನಸ್ಸು ಎಲ್ಲಿಗೆ ಹೋಯಿತೆಂದು.
ಚೌಡಪ್ಪನವರ ತೋಟದಲ್ಲಿ ನೂರಾ ಹನ್ನೆರಡು ಬೆಂಗಳೂರಾ ಮರ,
ಬಾವಿ ಪಕ್ಕ ಒಂದೇ ಒಂದು ಇಮಾಮ್ ಪಸಂದ್.
ಹೂವಿನಲ್ಲೇ ಮುಂಗಡ ಕೊಟ್ಟವನಿಗೆ ಆ ಮರ ಬಿಟ್ಟಿ, ಲೆಕ್ಕಕ್ಕಿಲ್ಲ.
ಕಾಯಿ ಕಂಡಮೇಲೆ ಬಂದವನಿಗೆ ಅದರ ನೆರಳೂ ಇಲ್ಲ.
ಹಿಡಿದರೆ ನಲವತ್ತು ಹಣ್ಣು, ಅರ್ಧ ಅಳಿಲಿಗೆ.
ಉಳಿದ ಇಪ್ಪತ್ತಕ್ಕಾಗಿ ಅಪ್ಪ ವರ್ಷ ವರ್ಷವೂ
ನೂರಾ ಹನ್ನೆರಡು ಮರದ ಹೂವನ್ನು ನಂಬುತ್ತಾನೆ.
ಲಾಭದ ವರ್ಷವೂ ಲಾಭದ ಮಾತಾಡದವನು
ಜೂನಿನಲ್ಲಿ ಎರಡು ಹಣ್ಣನ್ನು ಟವೆಲ್ಲಿನಲ್ಲಿ ಸುತ್ತಿ
ಹೊಸೂರು ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಾನೆ,
‘ಹುಷಾರು, ಹುಷಾರು’ ಅನ್ನುತ್ತ.

‘ಬೇಡ ಬಿಡು,’ ಅಂದ ಕೊನೆಗೆ. ‘ಕಾಯಿ ಕಚ್ಚಲಿ, ನೋಡಾಣ.’

ಫೋನು ಇಡುವುದನ್ನು ಮರೆತಿದ್ದ.
ಜೇನುನೊಣದ ಗುಂಯ್ ಕೇಳುತ್ತಿತ್ತು,
ಅದರ ನಡುವೆ ನೋಟು ಎಣಿಸುವ ಸದ್ದು.
‘ಸರಿಯಾಗಿ ನೋಡ್ಕೊಳ್ಳಿ ಚೌಡಪ್ನೋರೇ.
ಬಾವಿ ಪಕ್ಕದ್ದು ನಂದು, ಮರೀಬೇಡಿ.’