ಪರಿವಿಡಿ

ಮುಖಪುಟಕ್ಕೆ ಬೆಟ್ಟ ಬೇಡ ಎಂದಳು ಶಬ್ರೀನ್,
ಹೋದ ಸಲವೂ ಬೆಟ್ಟ, ಅದರ ಹಿಂದಿನ ಸಲವೂ.
ಮಾವಿನಕಾಯಿ? ಶ್ರೀನಿವಾಸಪುರದವರು ಹಾಕಿಕೊಳ್ಳಲಿ.
ಡೂಂಲೈಟ್ ಸರ್ಕಲ್ಲಿನ ಪ್ರೆಸ್ಸಿನವನು ಫೋನಿನಲ್ಲಿ:
ನಾಲ್ಕು ಬಣ್ಣಕ್ಕೆ ಇನ್ನೂ ಮೂರು ಸಾವಿರ.
ನಮ್ಮ ಹತ್ತಿರ ಇದ್ದದ್ದು ಒಂದೇ ಬಣ್ಣ. ನೀಲಿ.

ಹೆಸರು, ಚುಕ್ಕಿಸಾಲು, ಪುಟಸಂಖ್ಯೆ.
ಕನ್ನಡ ವಿಭಾಗ. ಇಂಗ್ಲಿಷ್ ವಿಭಾಗ.
ಎರಡಕ್ಕೂ ಸೇರದೆ ಉಳಿದದ್ದು ಮುನಿಲಕ್ಷ್ಮಿಯದು:
ಟೊಮೆಟೊ ಮಂಡಿಯಲ್ಲಿ ಕ್ರೇಟು ಎಣಿಸುತ್ತ
ಅವಳಮ್ಮ ಆಡುವ ಮಾತುಗಳು.
ಮಾತು ತೆಲುಗು, ಬರೆದದ್ದು ನಮ್ಮ ಅಕ್ಷರದಲ್ಲಿ.
ಮೇಷ್ಟ್ರು ಕನ್ನಡಕ ಒರೆಸಿಕೊಂಡರು.
'ಇದು ಯಾವ ವಿಭಾಗಕ್ಕಮ್ಮ?'
'ಮನೆ ವಿಭಾಗ ಸಾರ್.'
ಯಾರೂ ನಗಲಿಲ್ಲ. ಆಮೇಲೆ ಅವಳೇ ನಕ್ಕಳು.

ಪುಟ ಮೂವತ್ತೊಂದು. ಮೇಲೆ ವಿಭಾಗದ ಹೆಸರಿಲ್ಲ.
ಚುಕ್ಕಿಗಳನ್ನು ಮಾತ್ರ ಉದ್ದಕ್ಕೆ ಎಳೆದೆ,
ನಂಗಲಿಯಿಂದ ಬರುವ ಅವಳ ಬಸ್ಸಿನ ದಾರಿಯಷ್ಟು.

ಮುಖಪುಟಕ್ಕೆ ಕೊನೆಗೆ
ಅವಳ ಹಾಳೆಯನ್ನೇ ಸ್ಕ್ಯಾನ್ ಮಾಡಿದೆವು,
ಮಡಿಕೆ, ಹೊಡೆದುಹಾಕಿದ ಸಾಲು,
ಬುತ್ತಿಯ ಎಣ್ಣೆಕಲೆ ಸಮೇತ.

ಅಚ್ಚಾಗಿ ಬಂತು. ನೀಲಿಯಲ್ಲಿ
ಆ ಕಲೆ ಥೇಟ್ ಬೆಟ್ಟ.
ಶಬ್ರೀನ್ ಇನ್ನೂ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ.