ಹಾಲಾದ ಎಣ್ಣೆ

ಮಾರ್ಚ್ ಮುಗಿದರೂ ಹಿಮ ಮುಗಿಯದ ಅಂಗಳ.
ಮೂರು ಮನೆಗೆ ಒಂದೇ ಕಟ್ಟಿಗೆ ಸೀಳುವ ಯಂತ್ರ,
ಈ ವಾರದ ಸರದಿ ನನ್ನದು.
ಎಂಜಿನ್ ಹತ್ತಿತು. ಪಂಪು ಮಾತ್ರ
ಹಲ್ಲು ಮೂಡುವ ಕೂಸಿನ ಹಾಗೆ ರಾಗ ಎಳೆಯಿತು.
ದಂಡ ಅರ್ಧ ದಾರಿ ಬಂದು, ನಡುಗಿ, ನಿಂತಿತು.
ಬರ್ಚ್ ಕೊರಡು ಕೂತಲ್ಲೇ ಕೂತಿತ್ತು,
ಬಿಳಿ ತೊಗಟೆಯ ಮೇಲೆ ಒಂದು ಗೀರೂ ಇಲ್ಲದೆ.

ವಲ್ವೆಯನ್ನು ಕರೆಯದೆ ವಿಧಿಯಿಲ್ಲ.

ವಲ್ವೆ ಎಂದರೆ ನಮ್ಮ ಎಸ್ಟೋನಿಯದ ನುಡಿಯಲ್ಲಿ ಕಾವಲು.
‘ಇಂಗ್ಲಿಷ್ ಕೈಪಿಡಿ ತೆಗೆದು ನೋಡು,
ಪುಟಪುಟಕ್ಕೂ ನನ್ನ ಹೆಸರೇ ಅಚ್ಚಾಗಿದೆ’ ಎಂದು ನಗುವವಳು.
ಎಪ್ಪತ್ತೊಂದರ ಹೆಂಗಸು,
ಸಾಮೂಹಿಕ ಫಾರ್ಮಿನ ಕಾಲದಲ್ಲಿ ಟ್ರ್ಯಾಕ್ಟರುಗಳ ಹೊಟ್ಟೆ ಬಗೆದ ಕೈ.
ಇವತ್ತು ನಗಲಿಲ್ಲ.
ಅಳತೆಯ ಕಡ್ಡಿ ಎಳೆದು ಬೆಳಕಿಗೆ ಹಿಡಿದಳು.
ಜೇನಿನ ಬಣ್ಣ ಇರಬೇಕಾದಲ್ಲಿ
ಹಾಲು ಹೆಚ್ಚಾದ ಕಾಫಿ.

ಎಣ್ಣೆ ಚಾಡಿ ಹೇಳಿಬಿಟ್ಟಿತ್ತು.

ಅಕ್ಟೋಬರಿನಲ್ಲಿ ಟ್ಯಾಂಕಿನ ಮುಚ್ಚಳ ಸಡಿಲ ಬಿಟ್ಟು
ಸೌನಾದ ಸೂರಿನಂಚಿಗೆ, ಹನಿ ಬೀಳುವಲ್ಲೇ ನಿಲ್ಲಿಸಿ
ನಾಳೆ ಒಳಗೆ ತಳ್ಳಿದರಾಯಿತು ಅಂದುಕೊಂಡವನು ನಾನು.
ಆ ನಾಳೆಗೆ ಈಗ ಆರು ತಿಂಗಳು.

ಯಾರ ಕೆಲಸ ಇದು ಎಂದು ಅವಳು ಕೇಳಲಿಲ್ಲ.
ಕೇಳಿದ್ದರೆ ಉರ್ಮಸ್‌ನ ಹೆಸರು
ನಾಲಿಗೆಯ ತುದಿಯಲ್ಲೇ ಇತ್ತು.
‘ಮಲಗು’ ಎಂದಳು. ಅಷ್ಟೇ.

ಹಿಮದ ಮೇಲೆ ಹಳೆಯ ಬಾಗಿಲು ಹಾಸಿ ಮಲಗಿದೆ.
ತಳದ ಬೋಲ್ಟು ಬಿಚ್ಚಿದರೆ ಮೊದಲು ನೀರು,
ಆಮೇಲೆ ನೊರೆ, ಆಮೇಲೆ ಗಸಿ;
ತೋಳಿನೊಳಗೆ ಇಳಿದು ಕಂಕುಳ ತನಕ ತಣ್ಣಗೆ.
ಫಿಲ್ಟರ್ ತಿರುವಿ ಕಿತ್ತೆ. ಹೊಸದರ ರಬ್ಬರ್ ಬಳೆಗೆ
ಎಣ್ಣೆ ಸವರು ಎಂದಳು,
ಕೂಸಿನ ನೆತ್ತಿಗೆ ಸವರುವಷ್ಟು ಮೆಲ್ಲಗೆ.
ಕೈಯಲ್ಲಿ ಬಿಗಿದದ್ದು ಸಾಕು,
ಸ್ಪ್ಯಾನರಿನ ಜಂಬ ಇಲ್ಲಿ ಬೇಡ.

ಹದಿನೆಂಟು ಲೀಟರ್ ಹೊಸ ಎಣ್ಣೆ, ಚಳಿಗೆ ಹೆಪ್ಪುಗಟ್ಟದ ತೆಳುವಿನದು.
ದಂಡವನ್ನು ಬರಿದೇ ಹೊರಗೆ, ಒಳಗೆ, ಹೊರಗೆ, ಒಳಗೆ.
ಸಿಕ್ಕಿಕೊಂಡ ಗಾಳಿ ತೇಗಿ ತೇಗಿ ಹೊರಬಿತ್ತು,
ಪಂಪಿನ ಅಳು ನಿಂತಿತು.

ಹೋಸ್ ಬಾಗಿದಲ್ಲಿ ಏನೋ ತೇವ.
ಒರೆಸಿ ನೋಡೋಣವೆಂದು ಕೈ ಚಾಚಿದೆ.

ಅವಳ ಅಂಥ ಕೂಗನ್ನು ನಾನು ಎಂದೂ ಕೇಳಿರಲಿಲ್ಲ.
ಬೇಲಿಯ ಮೇಲಿನ ಕಾಗೆಗಳೂ ಎದ್ದವು.

ನನ್ನನ್ನು ಹಿಂದಕ್ಕೆ ತಳ್ಳಿ
ಉದ್ದ ಕೋಲಿನ ತುದಿಗೆ ರಟ್ಟು ಸಿಕ್ಕಿಸಿ ಚಾಚಿದಳು.
ಕಣ್ಣಿಗೆ ಕಾಣದ ಸೂಜಿಯೊಂದು
ರಟ್ಟನ್ನು ಗೆರೆಯಾಗಿ ಸೀಳುತ್ತ ಹೋಯಿತು.
ಎಂಜಿನ್ ಆರಿಸಿ, ಸನ್ನೆಗೋಲನ್ನು ಎರಡು ಸಲ ಆಡಿಸಿ
ಒಳಗಿನ ಒತ್ತಡ ಇಳಿಯುವ ತನಕ ಸುಮ್ಮನಿದ್ದಳು. ಆಮೇಲೆ:

‘ಹಿಲ್ಲರ್‌ಗೆ ಇರುವೆ ಕಚ್ಚಿದಷ್ಟೇ ನೋವು.
ರಾತ್ರಿ ಆಲೂಗಡ್ಡೆ ತಿಂದ, ಚೆನ್ನಾಗಿಯೇ ನಿದ್ದೆ ಮಾಡಿದ.
ಬೆಳಗ್ಗೆ ಕೈ ಕಪ್ಪು.
ತಾರ್ತುವಿನ ಆಸ್ಪತ್ರೆಯಲ್ಲಿ ಎರಡು ಬೆರಳು ಬಿಟ್ಟು ಬಂದ,
ಉಂಗುರದ್ದೂ ಸೇರಿ.’

ಆ ಉಂಗುರ ಅವಳ ಬೀಗದ ಕೈ ಗೊಂಚಲಿನಲ್ಲಿದೆ.
ಇಷ್ಟು ವರ್ಷ ಅದನ್ನು ವಾಷರ್ ಅಂದುಕೊಂಡಿದ್ದೆ.

‘ಮುಚ್ಚಳ ಬಿಟ್ಟದ್ದು ನಾನು’ ಎಂದೆ.
‘ಗೊತ್ತು. ಅಕ್ಟೋಬರಿಡೀ ಉರ್ಮಸ್ ಊರಲ್ಲೇ ಇರಲಿಲ್ಲ.’

ಎರಡು ದಿನ ಬಿಟ್ಟು ವೋರು ಪಟ್ಟಣದಿಂದ ಹೊಸ ಹೋಸ್ ಬಂತು.
ದಂಡ ಗೊಣಗದೆ ಮುಂದೆ ಸರಿದು
ಬರ್ಚಿನ ಬೆನ್ನಿಗೆ ಒರಗಿದ್ದೇ ತಡ,
ಲಟ್ಟನೆ ಎರಡು ಹೋಳು.
ಒಳಗೆ ಇನ್ನೂ ಕಳೆದ ಬೇಸಿಗೆಯ ಹಸಿ ವಾಸನೆ.

ವಲ್ವೆ ಮುಚ್ಚಳಕ್ಕೆ ನಾಯಿಯ ಹಳೆ ಸರಪಳಿ ಬಿಗಿದಳು.
ಎಣ್ಣೆ, ಫಿಲ್ಟರ್, ಹೋಸಿನ ಚೀಟಿಯನ್ನು
ಎಂದಿನಂತೆ ಮೂರು ಪಾಲು ಮಾಡದೆ
ಮಡಿಚಿ, ನನ್ನ ಜೇಬಿಗೆ ತುರುಕಿದಳು.