ಬ್ರೆಡ್ಡಿನ ಚಾಕು

ವಕೀಲನ ಪಟ್ಟಿಯಲ್ಲಿ ಎಲ್ಲ ಇತ್ತು:
ಓಕ್ ಮೇಜು, ದೋಣಿಯ ಮೋಟರು,
ಮೂರು ರಜಾಯಿ, ನಿಂತುಹೋದ ಗಡಿಯಾರ.
ಹಿತ್ತಲ ಗಿಡಗಳನ್ನು ಬರೆಯಲು ಮರೆತಿದ್ದ.

ಹಾಗಾಗಿ ಮೇ ತಿಂಗಳ ಮೊದಲ ಶನಿವಾರ
ತಂಗಿ ಆರ್ಡಿಸ್ ಡುಲುತ್‌ನಿಂದ ಬಂದಳು
ಟ್ರಕ್ಕಿನಲ್ಲಿ ಆರು ಬಕೆಟ್ಟು, ಒದ್ದೆ ಗೋಣಿ.
ಮಾತಿಲ್ಲ. ನವೆಂಬರಿನಿಂದಲೂ ಇಲ್ಲ.
ನಾನು ಸನಿಕೆ ಕೊಟ್ಟೆ.

ವಿಸ್ಕಾನ್ಸಿನ್ ನೆಲದ ಹೆಪ್ಪು ಈಗಷ್ಟೇ ಬಿಟ್ಟಿತ್ತು.
ಆಸ್ಟರ್ ನಾಲ್ಕು ಬೆರಳು ಚಿಗುರಿತ್ತು,
ಅದೇ ಹದ. ಅಮ್ಮ ಅನ್ನುತ್ತಿದ್ದಳು:
ಮೊಲ ನೋಡುವ ಮುಂಚೆ ನೀನು ನೋಡು.

ಸುತ್ತ ಕಡಿದು, ಸನಿಕೆಯ ಮೇಲೆ ಹತ್ತಿ ನಿಂತು
ಎಪ್ಪತ್ತರ ಹತ್ತಿರದ ಇಬ್ಬರ ಭಾರವೂ ಬಿದ್ದು
ಮೀಟಿದರೆ ಎದ್ದು ಬಂತು
ಈಗ ತಾನೇ ಈದ ಕರುವಿನ ಹಾಗೆ
ಕಪ್ಪಗೆ, ಒದ್ದೆಯಾಗಿ, ನಿಲ್ಲಲಾರದೆ.

ಬೇರು ಸನಿಕೆಗೆ ಬಗ್ಗಲಿಲ್ಲ.
ಅಡುಗೆಮನೆಯಿಂದ ಬ್ರೆಡ್ಡಿನ ಚಾಕು ತಂದೆ.
ಅದು ಪಟ್ಟಿಯಲ್ಲಿತ್ತು. ಅವಳ ಪಾಲಿಗೆ.
ಹಿಡಿಯನ್ನು ಅವಳ ಕಡೆ ತಿರುಗಿಸಿದೆ.
ಭಾನುವಾರದ ರೈ ಬ್ರೆಡ್ಡನ್ನು ಕುಯ್ದಂತೆ
ಗರಗರ ಕುಯ್ದಳು.

ಹಳೆಯ ಬುಡದ ನಡುವೆ ಏನೂ ಉಳಿದಿರುವುದಿಲ್ಲ.
ಕಟ್ಟಿಗೆ, ಟೊಳ್ಳು.
ಜೀವವೆಲ್ಲ ಅಂಚಿಗೆ ಸರಿದು ಉಂಗುರವಾಗಿರುತ್ತದೆ.
ಅಂಚನ್ನು ನೆಡಬೇಕು, ನಡುವನ್ನು ಗೊಬ್ಬರಕ್ಕೆ ಎಸೆಯಬೇಕು.
ಯಾರು ಎಸೆಯುವುದು ಎಂದು
ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆವು.

ಬೀ ಬಾಮ್ ಅಷ್ಟು ಸತಾಯಿಸಲಿಲ್ಲ.
ಪುದೀನದ ದಾಯಾದಿ; ಕೈಯಲ್ಲೇ ಬಿಡಿಸಿಕೊಂಡು ಬಂತು,
ಉಗುರಿನ ಸಂದಿಗೆಲ್ಲ ವಾಸನೆ.
ಆರ್ಡಿಸ್ ಮೂಗಿಗೆ ಹಿಡಿದು,
“ಕೆಮ್ಮಿಗೆ ಕುಡಿಸುತ್ತಿದ್ದಳು,” ಅಂದಳು.
“ನಿನಗೆ ಮಾತ್ರ ಜೇನು ಹಾಕಿ,” ಅಂದೆ.
ಅದೇ ಮೊದಲ ಮಾತು. ಜಗಳವೇ.
ಆದರೂ ಮಾತು.

ಬೇಲಿಯ ಬದಿಗೆ ಕಾಡುನೀಲಿ,
ಮಣ್ಣಿನಿಂದ ಬೂದು ಬೆರಳುಗಳನ್ನು ಆಗಷ್ಟೇ ತೆಗೆದಿತ್ತು.
ಅವಳು ಸನಿಕೆ ಎತ್ತಿದಳು.
ಅದು ಬೇಡ. ಅದರ ಬೇರು ಪಾಲಿಗೆ ಬರುವುದಿಲ್ಲ,
ಒಂದೇ ಕಡೆ, ಕೆಳಗೆ, ನಮಗಿಂತ ಉದ್ದ ಇಳಿದಿದೆ.
ಕುಯ್ದರೆ ನಿನಗೂ ಇಲ್ಲ, ನನಗೂ ಇಲ್ಲ.

ಜೂನಿನಲ್ಲಿ ಮನೆಗೆ ಬರುವ ದಂಪತಿಗೆ
ಹಾಲಿನ ಡಬ್ಬಿ ಕತ್ತರಿಸಿ ಒಂದು ಫಲಕ ಮಾಡಿದೆವು.
ಅವಳ ಅಕ್ಷರ ಚೆಂದ, ಅವಳೇ ಬರೆದಳು:
ಇದು ಕಳೆಯಲ್ಲ. ಕಾಯಿರಿ.

ನಾಲ್ಕೂವರೆಗೆ ಹೊರಟಳು.
ಬಕೆಟ್ಟುಗಳಿಗೆ ಗೋಣಿ ಹೊದಿಸಿ,
ಚಾಕುವನ್ನು ತೊಳೆಯದೆ
ಮಣ್ಣಿನ ಸಮೇತ ಪಕ್ಕದ ಸೀಟಿನ ಮೇಲಿಟ್ಟುಕೊಂಡು.